ಗುಲಾಂ ಮಹಮ್ಮದ್: ಒಂದು ಹೆಸರು ಉಳಿದ ಬಗೆ

ನಮ್ಮ ವಚನಕಾರರೂ ಹರಿದಾಸರೂ ತಮ್ಮ ಅಂಕಿತವನ್ನು ಕೃತಿಯ ಒಳಗೇ ಇಟ್ಟು ಹೋದರು. ಕೂಡಲಸಂಗಮದೇವ ಎಂಬ ಅಂಕಿತವಿದ್ದರೆ ಅದು ಬಸವಣ್ಣನವರದು. ಪುರಂದರವಿಠಲ ಎಂಬ ಅಂಕಿತವಿದ್ದರೆ ಅದು ಪುರಂದರದಾಸರದು. ಹಾಡು ನಾಲಗೆಯಿಂದ ನಾಲಗೆಗೆ, ಊರಿಂದ ಊರಿಗೆ ದಾಟಿದರೂ ಕರ್ತೃವಿನ ಗುರುತು ಅದರೊಡನೆಯೇ ನಡೆಯುತ್ತಿತ್ತು. ಚಲಚ್ಚಿತ್ರದ ಹಾಡಿಗೆ ಸ್ವರ ಕಟ್ಟುವವನಿಗೆ ಈ ಅನುಕೂಲವಿಲ್ಲ. ಮಾತು ಕವಿಯದು, ಕಂಠ ಗಾಯಕಿಯದು, ತೆರೆಯ ಮೇಲೆ ತುಟಿಯಾಡಿಸುವ ಮುಖ ನಟಿಯದು. ರಾಗವನ್ನು ಕಟ್ಟಿದವನ ಹೆಸರಿರುವುದು ಚಿತ್ರದ ಆರಂಭದಲ್ಲಿ ಕೆಲವು ಕ್ಷಣ ಹೊಳೆದು ಮರೆಯಾಗುವ ಪಟ್ಟಿಯಲ್ಲಿ, ಮತ್ತು ಧ್ವನಿಮುದ್ರಿಕೆಯ ನಡುವೆ ಅಂಟಿಸಿದ ದುಂಡು ಚೀಟಿಯಲ್ಲಿ. ಆ ಪಟ್ಟಿಯನ್ನು ಓದುವವರು ವಿರಳ. ಚೀಟಿಯನ್ನು ನೋಡುವವರು ಇನ್ನೂ ವಿರಳ. ಅಲ್ಲಿ ಕೊಂಚ ಗೊಂದಲ ನುಸುಳಿದರೂ ಒಬ್ಬನ ಜೀವಮಾನದ ದುಡಿಮೆ ಇನ್ನೊಬ್ಬನ ಲೆಕ್ಕಕ್ಕೆ ಜಮೆಯಾಗಿಬಿಡುತ್ತದೆ.

ಕರ್ತೃತ್ವದ ಇಂತಹ ಗೊಂದಲ ಕನ್ನಡ ವಿದ್ಯಾರ್ಥಿಗಳಿಗೆ ಹೊಸದೇನೂ ಅಲ್ಲ. ಕವಿರಾಜಮಾರ್ಗವನ್ನು ರಚಿಸಿದವನು ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನೋ, ಅವನ ಆಸ್ಥಾನದ ಶ್ರೀವಿಜಯನೋ ಎಂಬ ಚರ್ಚೆ ಎಷ್ಟು ಕಾಲ ನಡೆಯಿತೆಂಬುದನ್ನು ನಾವೆಲ್ಲರೂ ಬಲ್ಲೆವು. ಒಡೆಯನ ಹೆಸರು ದೊಡ್ಡದಾದಾಗ ಅದರ ನೆರಳಿನಲ್ಲಿ ದುಡಿದವನ ಹೆಸರು ಕಾಣದಾಗುವುದು ಲೋಕದ ರೂಢಿ. ಒಂಬತ್ತನೆಯ ಶತಮಾನದ ಗ್ರಂಥದ ವಿಷಯದಲ್ಲಿ ಆದದ್ದು ಇಪ್ಪತ್ತನೆಯ ಶತಮಾನದ ಚಲಚ್ಚಿತ್ರದ ವಿಷಯದಲ್ಲಿ ಆಗಬಾರದೆಂದೇನಿದೆ? ಕಮಾಲ್ ಅಮ್ರೋಹಿಯವರ 'ಪಾಕೀಜಾ' 1972ರಲ್ಲಿ ತೆರೆಗೆ ಬಂದಾಗ ಅದರ ಹೆಸರುಪಟ್ಟಿಯಲ್ಲಿ ಸಂಗೀತಕ್ಕೆ ಸಂಬಂಧಿಸಿದಂತೆ ಎರಡು ಹೆಸರುಗಳಿದ್ದುವು. ಸಂಗೀತ ಗುಲಾಂ ಮಹಮ್ಮದರದು. ಹಿನ್ನೆಲೆ ಸಂಗೀತ ನೌಷಾದರದು. ಮೊದಲನೆಯವರು ಆಗ ಬದುಕಿರಲಿಲ್ಲ. ಎರಡನೆಯವರು ದೇಶವೆಲ್ಲ ಬಲ್ಲ ಕೀರ್ತಿಶಾಲಿ. ಹೀಗಿರುವಾಗ ಆ ಚಿತ್ರದ ಹಾಡುಗಳನ್ನು ಎಷ್ಟೋ ಜನ ನೌಷಾದರವೆಂದೇ ನಂಬಿದರೆ ಅದರಲ್ಲಿ ಸೋಜಿಗವಿಲ್ಲ. ಹಾಡುಗಳು ಅಮರವಾದುವು, ಅವನ್ನು ಕಟ್ಟಿದ ಗುಲಾಂ ಮಹಮ್ಮದರು ಯಾರು, ಅವರ ಬದುಕು ಹೇಗೆ ನಡೆಯಿತು ಎಂಬುದನ್ನು ಬಲ್ಲವರು ಕೆಲವರೇ.

ಗುಲಾಂ ಮಹಮ್ಮದರು 1903ರಲ್ಲಿ ರಾಜಸ್ಥಾನದ ಬಿಕಾನೇರಿನ ಬಳಿಯ ನಾಲ್ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ನಬೀ ಬಕ್ಷರು ನುರಿತ ತಬಲಾ ವಾದಕರು. ಮರಳುಗಾಡಿನ ಆ ಸೀಮೆಯಲ್ಲಿ ಸಂಗೀತವೆಂಬುದು ಮನೆತನದ ಕಸುಬು. ಬಡಗಿಯ ಮಗ ಉಳಿ ಹಿಡಿದಂತೆ ತಬಲಜಿಯ ಮಗ ತಬಲೆಯನ್ನು ಮುಟ್ಟುತ್ತಾನೆ. ಗುಲಾಂ ಮಹಮ್ಮದರು ಆರು ವರ್ಷದ ಬಾಲಕನಾಗಿರುವಾಗಲೇ ಪಂಜಾಬಿನ ನ್ಯೂ ಆಲ್ಬರ್ಟ್ ನಾಟಕ ಕಂಪನಿಯನ್ನು ಸೇರಿದರು. ನಮ್ಮ ಗುಬ್ಬಿ ಕಂಪನಿಯ ಕಥೆಯನ್ನು ಬಲ್ಲವರಿಗೆ ಆ ಬಾಳು ಎಂತಹದೆಂದು ವಿವರಿಸಬೇಕಾಗಿಲ್ಲ. ಬಾಲನಟರಿಗೆ ಕಂಪನಿಯೇ ಮನೆ, ಕಂಪನಿಯೇ ಪಾಠಶಾಲೆ. ಪಾತ್ರದ ಮಾತಿಗೆ ಹಾಡು ಎಲ್ಲಿ ಹೆಣೆದುಕೊಳ್ಳಬೇಕು, ಪ್ರೇಕ್ಷಕನ ಗಮನ ಎಲ್ಲಿ ಸಡಿಲಗೊಳ್ಳುತ್ತದೆ, ಎಲ್ಲಿ ಒಂದು ಪೆಟ್ಟು ಬಿದ್ದರೆ ಅವನು ಎಚ್ಚೆತ್ತು ಕೂಡುತ್ತಾನೆ, ಇಂತಹ ವಿದ್ಯೆ ಯಾವ ಗ್ರಂಥದಲ್ಲಿಯೂ ಸಿಗುವುದಿಲ್ಲ. ಅದು ರಾತ್ರಿಯ ಮೇಲೆ ರಾತ್ರಿ ರಂಗದ ಪಕ್ಕದಲ್ಲಿ ಕುಳಿತವನಿಗೆ ಮಾತ್ರ ಲಭಿಸುತ್ತದೆ.

1924ರಲ್ಲಿ ಅವರು ಮುಂಬಯಿಗೆ ಬಂದರು. ಆಗ ಚಲಚ್ಚಿತ್ರ ಇನ್ನೂ ಮೂಕವಾಗಿತ್ತು. ಸಂಗೀತಗಾರನಿಗೆ ಅಲ್ಲಿ ನೆಲೆಯಾದ ಸ್ಥಾನವಿರಲಿಲ್ಲ. ಎಂಟು ವರ್ಷಗಳ ಕಾಲ ಅವರು ಆ ಮಹಾನಗರದಲ್ಲಿ ಅವಕಾಶಕ್ಕಾಗಿ ಕಾದರು. 1931ರಲ್ಲಿ 'ಆಲಂ ಆರಾ' ಬಂದು ಚಿತ್ರಕ್ಕೆ ಮಾತು ಬಂದಿತು. ಮಾತಿನ ಜತೆಯಲ್ಲಿಯೇ ಹಾಡೂ ಬಂದಿತು. ಸ್ಟುಡಿಯೋಗಳಿಗೆ ವಾದಕರು ಬೇಕಾದರು. ಮರುವರ್ಷ, 1932ರಲ್ಲಿ, ಸರೋಜ್ ಮೂವಿಟೋನಿನ 'ರಾಜಾ ಭರ್ತೃಹರಿ' ಚಿತ್ರದಲ್ಲಿ ಗುಲಾಂ ಮಹಮ್ಮದರು ತಬಲಾ ನುಡಿಸಿದರು. ಅಂದಿನಿಂದ ಅವರ ಕೈ ಚಿತ್ರಸಂಗೀತದ ವಾದ್ಯವೃಂದದಲ್ಲಿ ನೆಲೆ ಕಂಡಿತು. ಮುಂದೆ ಅವರು ಅನಿಲ್ ಬಿಸ್ವಾಸರ ಬಳಿಯೂ ನೌಷಾದರ ಬಳಿಯೂ ದುಡಿದರು.

ನೌಷಾದರೊಡನೆ ಅವರ ಸಂಬಂಧ 1943ರ 'ಸಂಜೋಗ್' ಚಿತ್ರದ ಕಾಲದಿಂದ 1952ರ 'ಆನ್' ಚಿತ್ರದವರೆಗೆ, ಸುಮಾರು ಒಂದು ದಶಕ, ನಡೆಯಿತು. ನೌಷಾದರ ಹೆಸರಿನ ಕೆಳಗೆ, ಸಹಾಯಕ ಎಂಬ ಪದದ ಜತೆಯಲ್ಲಿ, ಗುಲಾಂ ಮಹಮ್ಮದರ ಹೆಸರು ಚಿತ್ರದಿಂದ ಚಿತ್ರಕ್ಕೆ ಕಾಣಿಸಿಕೊಂಡಿತು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ನೌಷಾದರು ಹುಟ್ಟಿದುದು 1919ರಲ್ಲಿ. ಗುರುಸ್ಥಾನದಲ್ಲಿದ್ದವರಿಗಿಂತ ಸಹಾಯಕರೇ ಹದಿನಾರು ವರ್ಷ ಹಿರಿಯರು. ನೌಷಾದರು ಇಪ್ಪತ್ತರ ಹರೆಯದಲ್ಲಿ ಕೀರ್ತಿಯ ಮೆಟ್ಟಿಲೇರುತ್ತಿದ್ದಾಗ ಅವರ ಬದಿಯಲ್ಲಿ ನಲವತ್ತು ದಾಟಿದ, ನಾಟಕ ಕಂಪನಿಯಲ್ಲಿ ಬೆಳೆದ, ಲಯದ ಸೂಕ್ಷ್ಮಗಳನ್ನೆಲ್ಲ ಬಲ್ಲ ಈ ವಾದಕರು ಕುಳಿತಿದ್ದರು. 1944ರ 'ರತನ್' ಚಿತ್ರದ ಹಾಡುಗಳು ದೇಶದ ಬೀದಿಬೀದಿಗಳಲ್ಲಿ ಮೊಳಗಿದುವು. ಆ ಹಾಡುಗಳ ಜನಪ್ರಿಯತೆಗೆ ಅವುಗಳ ಢೋಲಕಿನ ನಡೆಯೂ ಒಂದು ಕಾರಣ. ಜನ ನೌಷಾದರನ್ನು ಕೊಂಡಾಡಿದರು, ಅದು ನ್ಯಾಯವೇ. ಆದರೆ ಸಹಾಯಕನೆಂಬ ಒಂದು ಪದದ ಹಿಂದೆ ಎಷ್ಟು ವಿದ್ಯೆ ಅಡಗಿತ್ತೆಂಬುದನ್ನು ಅಳೆದವರು ಕಡಮೆ.

ಈ ಸಹಾಯಕನ ಕೆಲಸವೆಂದರೆ ಏನು ಎಂಬುದನ್ನು ಕೊಂಚ ಬಿಡಿಸಿ ಹೇಳುವುದು ಉಚಿತ. ಸಂಗೀತ ನಿರ್ದೇಶಕನು ರಾಗದ ಎಳೆಯನ್ನು ಹಿಡಿದು ಹಾಡಿನ ಆಕಾರವನ್ನು ಕಲ್ಪಿಸುತ್ತಾನೆ. ಆ ಆಕಾರಕ್ಕೆ ಯಾವ ಠೇಕಾ ಹೊಂದುತ್ತದೆ, ಆರು ಮಾತ್ರೆಯ ದಾದ್ರಾ ಒಪ್ಪುವುದೋ ಎಂಟು ಮಾತ್ರೆಯ ಕೆಹರ್ವಾ ಒಪ್ಪುವುದೋ, ಎರಡು ಚರಣಗಳ ನಡುವೆ ಯಾವ ವಾದ್ಯ ಎಷ್ಟು ಹೊತ್ತು ನುಡಿಯಬೇಕು, ಗಾಯಕಿ ಉಸಿರೆಳೆದುಕೊಳ್ಳುವ ಸ್ಥಳ ಯಾವುದು, ವಾದಕರನ್ನು ತಾಲೀಮು ಮಾಡಿಸಿ ಮುದ್ರಣಕ್ಕೆ ಸಿದ್ಧಗೊಳಿಸುವುದು ಹೇಗೆ, ಇವೆಲ್ಲವನ್ನೂ ಸಹಾಯಕನು ನೋಡಿಕೊಳ್ಳಬೇಕು. ರಾಗ ಯಾರದು, ಅಲಂಕಾರ ಯಾರದು ಎಂದು ಗೆರೆ ಎಳೆದು ತೋರಿಸುವುದು ಆ ಕೋಣೆಯಲ್ಲಿದ್ದವರಿಗೂ ಎಷ್ಟೋ ಸಲ ಕಷ್ಟ. ಇದರಿಂದಲೇ ಮುಂದೆ ಎರಡು ಬಗೆಯ ವದಂತಿಗಳು ಹುಟ್ಟಿದುವು. ಗುಲಾಂ ಮಹಮ್ಮದರ ಒಳ್ಳೆಯ ಹಾಡುಗಳೆಲ್ಲ ನಿಜವಾಗಿ ನೌಷಾದರವೆಂದು ಕೆಲವರು. ನೌಷಾದರ ಒಳ್ಳೆಯ ಹಾಡುಗಳೇ ಗುಲಾಂ ಮಹಮ್ಮದರವೆಂದು ಇನ್ನು ಕೆಲವರು. ಎರಡೂ ಅತಿರೇಕದ ಮಾತುಗಳು. ಇಬ್ಬರಿಗೂ ಅನ್ಯಾಯ ಮಾಡದೆ ಸತ್ಯವನ್ನು ಕಾಣಬೇಕಾದರೆ ಗುಲಾಂ ಮಹಮ್ಮದರು ತಾವೇ ಹೊಣೆ ಹೊತ್ತು ಮಾಡಿದ ಚಿತ್ರಗಳನ್ನು ನೋಡಬೇಕು.

ಸಹಾಯಕರಾಗಿದ್ದ ಕಾಲದಲ್ಲಿಯೇ ಅವರು ಸ್ವತಂತ್ರವಾಗಿಯೂ ಸಂಗೀತ ನೀಡತೊಡಗಿದ್ದರು. 1948ರ 'ಪಗಡಿ', 'ಪರಾಯೀ ಆಗ್', 1949ರ 'ಪಾರಸ್', 'ಶಾಯರ್', 1950ರ 'ಪರದೇಸ್', 1952ರ 'ಅಂಬರ್', 'ಶೀಶಾ', 1953ರ 'ದಿಲ್-ಎ-ನಾದಾನ್', ಹೀಗೆ ಚಿತ್ರಗಳು ಬಂದುವು. ಮಣ್ಣಿನ ಮಡಕೆಯನ್ನು ತಾಳವಾದ್ಯವಾಗಿ ಚಿತ್ರಗೀತೆಗೆ ತಂದು ಅದಕ್ಕೊಂದು ಮರ್ಯಾದೆಯನ್ನು ದೊರಕಿಸಿದವರಲ್ಲಿ ಅವರ ಹೆಸರನ್ನು ಹೇಳುತ್ತಾರೆ. ದಕ್ಷಿಣದಲ್ಲಿ ಘಟವಾದ್ಯವನ್ನು ಕಚೇರಿಗಳಲ್ಲಿ ಕೇಳಿ ಬಲ್ಲ ನಮಗೆ ಮಡಕೆಯ ನಾದದ ಹಿತ ಹೊಸದಲ್ಲ. ಆದರೆ ಉತ್ತರದ ಹಳ್ಳಿಯ ಮಟ್ಕಾವನ್ನು ಮುಂಬಯಿಯ ಪಿಟೀಲು ಪಿಯಾನೋಗಳ ನಡುವೆ ತಂದು ಕೂಡಿಸುವುದಕ್ಕೆ ಧೈರ್ಯ ಬೇಕಾಗಿತ್ತು. ಕೈಯಲ್ಲಿ ತಾಳವಿದ್ದವರಿಗೆ ಆ ಧೈರ್ಯ ಬಂದಿತು.

'ದಿಲ್-ಎ-ನಾದಾನ್' ಚಿತ್ರದಲ್ಲಿ ತಲತ್ ಮಹಮೂದರು ನಾಯಕನಾಗಿ ಅಭಿನಯಿಸಿದ್ದಲ್ಲದೆ ಹಾಡಿದರು. ತಲತರ ಕಂಠದಲ್ಲಿ ಸಣ್ಣದೊಂದು ಕಂಪನವಿತ್ತು. ಅದು ಕೆಲವರಿಗೆ ದೋಷವಾಗಿ ಕಂಡದ್ದೂ ಉಂಟು. ಗುಲಾಂ ಮಹಮ್ಮದರ ರಚನೆಗಳಲ್ಲಿ ಆ ಕಂಪನ ಗುಣವಾಯಿತು. ವಾದ್ಯಗಳು ತಗ್ಗಿ ನಿಂತು, ಕಂಠಕ್ಕೆ ದಾರಿ ಬಿಟ್ಟು, ಪದದ ಅರ್ಥ ಕೇಳುಗನನ್ನು ತಲಪುವಂತೆ ಮಾಡಿದುವು. ತಬಲಾ ವಾದಕನೊಬ್ಬ ಸಂಗೀತ ನಿರ್ದೇಶಕನಾದರೆ ತಾಳದ ಅಬ್ಬರವೇ ಹೆಚ್ಚಾದೀತೆಂದು ನಾವು ಊಹಿಸಬಹುದು. ಇವರ ವಿಷಯದಲ್ಲಿ ಆದುದು ಅದಕ್ಕೆ ವಿರುದ್ಧ. ಒಳ್ಳೆಯ ಸಾಥಿಯ ವಿದ್ಯೆ ನುಡಿಸುವುದರಲ್ಲಿ ಎಷ್ಟಿದೆಯೋ ನುಡಿಸದೆ ತಡೆಯುವುದರಲ್ಲಿಯೂ ಅಷ್ಟೇ ಇದೆ.

ಅದೇ 1953ರಲ್ಲಿ ಕೆ. ಅಮರನಾಥರ 'ಲೈಲಾ ಮಜನೂ' ಬಂದಿತು. ಷಮ್ಮಿ ಕಪೂರರೂ ನೂತನರೂ ನಟಿಸಿದ ಈ ಪ್ರಾಚೀನ ಪ್ರೇಮಕಥೆಯ ಚಿತ್ರವನ್ನು ಇಂದು ನೆನೆಯುವವರು ವಿರಳ. ಅದರ ಸಂಗೀತಕ್ಕೆ ಗುಲಾಂ ಮಹಮ್ಮದ್ ಮತ್ತು ಸರ್ದಾರ್ ಮಲಿಕ್ ಎಂಬ ಎರಡು ಹೆಸರುಗಳು. ಆ ಕಾಲದ ಐತಿಹಾಸಿಕ ಪ್ರೇಮಚಿತ್ರಗಳಲ್ಲಿ ಇಂತಹ ಜೋಡಿ ಹೆಸರುಗಳು ಅಪೂರ್ವವಲ್ಲ. ಅದೇ ವರ್ಷದ 'ಅನಾರ್ಕಲಿ'ಯ ಹಾಡುಗಳೆಲ್ಲ ಸಿ. ರಾಮಚಂದ್ರರವೆಂದು ಪ್ರಸಿದ್ಧವಾದರೂ ಅದರಲ್ಲಿ ಒಂದು ಹಾಡು ವಸಂತ್ ಪ್ರಕಾಶರದು. ಇನ್ನೂ ನಾಲ್ಕು ವರ್ಷ ಹಿಂದೆ, 1949ರ 'ಮಹಲ್' ಚಿತ್ರದ ಧ್ವನಿಮುದ್ರಿಕೆಯ ಮೇಲೆ ಗಾಯಕಿಯ ಹೆಸರಿನ ಸ್ಥಳದಲ್ಲಿ ಕಾಮಿನಿ ಎಂದು ಚಿತ್ರದ ಪಾತ್ರದ ಹೆಸರನ್ನೇ ಅಚ್ಚು ಮಾಡಿದ್ದರು; ಹಾಡಿದವರು ಲತಾ ಮಂಗೇಶ್ಕರ್. ಆ 'ಮಹಲ್' ಚಿತ್ರವನ್ನು ನಿರ್ದೇಶಿಸಿದವರು ಕಮಾಲ್ ಅಮ್ರೋಹಿಯವರೇ. ಕೇಳುಗನಿಗೆ ಹಾಡು ಮುಟ್ಟಿದರೆ ಸಾಕು, ಹೆಸರು ಮುಟ್ಟದಿದ್ದರೂ ನಡೆಯುತ್ತದೆ ಎಂಬ ಉದಾಸೀನ ಉದ್ಯಮದಲ್ಲಿ ಬೇರೂರಿದ್ದ ಕಾಲವದು.

ಗುಲಾಂ ಮಹಮ್ಮದರ ಜೀವಿತಕಾಲದಲ್ಲಿ ಅವರಿಗೆ ಬಹಳ ಮನ್ನಣೆ ತಂದ ಚಿತ್ರ 1954ರ 'ಮಿರ್ಜಾ ಗಾಲಿಬ್'. ಸೊಹ್ರಾಬ್ ಮೋದಿಯವರು ನಿರ್ದೇಶಿಸಿದ, ಭಾರತ್ ಭೂಷಣ್ ಮತ್ತು ಸುರೈಯಾ ನಟಿಸಿದ ಈ ಚಿತ್ರ ಆ ವರ್ಷದ ಶ್ರೇಷ್ಠ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಪದಕವನ್ನು ಪಡೆಯಿತು. ಕಥೆ ಸಾದತ್ ಹಸನ್ ಮಂಟೋ ಅವರದು. ಚಿತ್ರ ತೆರೆಗೆ ಬರುವ ವೇಳೆಗೆ ಅವರು ಭಾರತವನ್ನು ಬಿಟ್ಟು ಲಾಹೋರಿನಲ್ಲಿದ್ದರು. ಸಂಭಾಷಣೆ ರಾಜೇಂದರ್ ಸಿಂಗ್ ಬೇಡಿಯವರದು. ಹಾಡುಗಳಲ್ಲಿ ಕೆಲವು 1869ರಲ್ಲಿ ತೀರಿಕೊಂಡ ಗಾಲಿಬ್ ಮಹಾಕವಿಯವೇ. ಕೆಲವು ಶಕೀಲ್ ಬದಾಯೂನಿಯವರವು.

ಗಜಲಿಗೆ ಸ್ವರ ಹಾಕುವುದು ಸುಲಭದ ಕಾರ್ಯವಲ್ಲ. ಎರಡೆರಡು ಸಾಲುಗಳ ದ್ವಿಪದಿಗಳು ಒಂದೊಂದೂ ತಾನೇ ಪೂರ್ಣ. ಆದರೂ ಪ್ರತಿಯೊಂದರ ಕೊನೆಯಲ್ಲಿ ಅದೇ ಪದ ಮರಳಿ ಬರಬೇಕು. ಮರಳಿ ಬಂದ ಆ ಪದದ ಮೇಲೆಯೇ ಸ್ವರವೂ ಮನೆ ಸೇರಬೇಕು. ನಮ್ಮ ಭಾಮಿನಿ ಷಟ್ಪದಿಯನ್ನು ಗಮಕಿಗಳು ವಾಚಿಸುವಾಗ ಮಾತ್ರೆಯ ಲೆಕ್ಕವೂ ಕೆಡಬಾರದು, ಭಾವವೂ ಕುಗ್ಗಬಾರದು ಎಂಬ ಎಚ್ಚರ ಹೇಗೋ, ಇಲ್ಲಿಯೂ ಹಾಗೆಯೇ. ಗಾಲಿಬನ ಪದ್ಯಗಳನ್ನು ಬಾಯಿಪಾಠವಾಗಿ ಬಲ್ಲ ಸಹಸ್ರಾರು ರಸಿಕರು ದೇಶದಲ್ಲಿದ್ದರು. ಅವರ ಕಿವಿಯಲ್ಲಿ ಅದಾಗಲೇ ನೆಲೆಸಿದ್ದ ಲಯಕ್ಕೆ ಭಂಗ ಬಾರದಂತೆ ಹೊಸ ರಾಗವನ್ನು ಹೊದಿಸಬೇಕಾಗಿತ್ತು. ಸುರೈಯಾ ಹಾಡಿದ ಗಜಲುಗಳನ್ನು ಕೇಳಿ ಪ್ರಧಾನಿ ನೆಹರೂ ಅವರು ಮೆಚ್ಚಿ, ಗಾಲಿಬನನ್ನೇ ಆಕೆ ಮರಳಿ ಬದುಕಿಸಿದಳೆಂಬ ಅರ್ಥದ ಮಾತನ್ನಾಡಿದರೆಂದು ಪ್ರತೀತಿ. ಹೊಗಳಿಕೆ ಗಾಯಕಿಗೆ ಸಂದಿತು, ಕವಿಗೆ ಸಂದಿತು. ಇವರಿಬ್ಬರನ್ನೂ ಒಂದೆಡೆ ಸೇರಿಸಿದ ಮೂರನೆಯವರು ಆ ಮಾತಿನಲ್ಲಿ ಕಾಣಿಸಲಿಲ್ಲ.

ಈ ವಿಜಯದ ನಂತರ ಅವರ ಬಾಗಿಲಿಗೆ ದೊಡ್ಡ ನಿರ್ಮಾಪಕರು ಸಾಲುಗಟ್ಟಿ ಬರಬೇಕಾಗಿತ್ತು. ಹಾಗಾಗಲಿಲ್ಲ. 1955ರಲ್ಲಿ ಸೊಹ್ರಾಬ್ ಮೋದಿಯವರದೇ ಆದ 'ಕುಂದನ್', 1958ರಲ್ಲಿ 'ಮಾಲಿಕ್', 1961ರಲ್ಲಿ 'ಶಮಾ' ಬಂದುವು. 'ಶಮಾ' ಚಿತ್ರದಲ್ಲಿ ಕೈಫಿ ಆಜ್ಮಿಯವರ ಪದಗಳನ್ನು ಸುರೈಯಾ ಹಾಡಿದ ರೀತಿಯನ್ನು ರಸಿಕರು ಇಂದಿಗೂ ನೆನೆಯುತ್ತಾರೆ. ಆದರೆ ಕಾಲದ ರುಚಿ ಬದಲಾಗುತ್ತಿತ್ತು. ದೊಡ್ಡ ವಾದ್ಯವೃಂದ, ಪಾಶ್ಚಾತ್ಯ ಲಯ, ಬಿರುಸಾದ ನಡಿಗೆ, ಇವುಗಳ ಕಡೆಗೆ ಉದ್ಯಮ ವಾಲಿತು. ಸಾರಂಗಿ, ತಬಲಾ, ಗೆಜ್ಜೆಗಳ ಲೋಕದಿಂದ ಬಂದವರಿಗೆ ಕೆಲಸ ವಿರಳವಾಯಿತು. ಹೀಗಿದ್ದರೂ ಅವರ ಕೈಯಲ್ಲಿ ಒಂದು ದೊಡ್ಡ ಕೆಲಸ ಆಗಲೇ ಇದ್ದಿತು. ಅದು ಮುಗಿಯುವ ಸೂಚನೆ ಮಾತ್ರ ಕಾಣುತ್ತಿರಲಿಲ್ಲ.

ಆ ಕೆಲಸವೇ 'ಪಾಕೀಜಾ'. ಪಾಕೀಜಾ ಎಂದರೆ ಪರಿಶುದ್ಧಳು. ಲಖನೌದ ಕೋಠಾಗಳಲ್ಲಿ ಹಾಡು ಕುಣಿತಗಳನ್ನೇ ವೃತ್ತಿಯಾಗಿ ಪಡೆದ ತವಾಯಫ್ ಹೆಣ್ಣೊಬ್ಬಳು ಮರ್ಯಾದೆಯ ಬಾಳಿಗಾಗಿ ಹಂಬಲಿಸುವ ಕಥೆ. ಕಮಾಲ್ ಅಮ್ರೋಹಿಯವರು ತಮ್ಮ ಮಡದಿ ಮೀನಾ ಕುಮಾರಿಗಾಗಿ ಇದನ್ನು ಕಲ್ಪಿಸಿದರು. ಐವತ್ತರ ದಶಕದ ನಡುವಿನಲ್ಲಿ ಕೆಲಸ ಪ್ರಾರಂಭವಾಯಿತು. ಮೊದಲು ಕಪ್ಪು ಬಿಳುಪಿನಲ್ಲಿ ಚಿತ್ರಿಸಿದರು. ಬಣ್ಣ ಬಂದ ಮೇಲೆ ಬಣ್ಣದಲ್ಲಿ ಚಿತ್ರಿಸಿದರು. ಸಿನಿಮಾಸ್ಕೋಪ್ ಬಂದ ಮೇಲೆ ಮತ್ತೆ ಹೊಸದಾಗಿ ತೊಡಗಿದರು. 1964ರಲ್ಲಿ ದಂಪತಿಗಳು ಬೇರೆಯಾದರು, ಚಿತ್ರ ನಿಂತುಹೋಯಿತು. ಛಾಯಾಗ್ರಾಹಕರಾದ ಜರ್ಮನಿಯ ಯೋಸೆಫ್ ವಿರ್ಷಿಂಗ್ 1967ರಲ್ಲಿ ತೀರಿಕೊಂಡರು. 1968ರ ಮಾರ್ಚ್ 17ರಂದು ಗುಲಾಂ ಮಹಮ್ಮದರೂ ತೀರಿಕೊಂಡರು. ತಮ್ಮ ಬಾಳಿನ ಅತ್ಯುತ್ತಮ ಹಾಡುಗಳನ್ನು ಅವರು ಕಟ್ಟಿ ಮುಗಿಸಿದ್ದರು. ಅವು ತೆರೆಯ ಮೇಲೆ ಬೆಳಗುವುದನ್ನು ಕಾಣಲಿಲ್ಲ.

ಅವರ ಮರಣದ ಮರುವರ್ಷ, 1969ರಲ್ಲಿ, ಚಿತ್ರ ಮತ್ತೆ ಚೇತರಿಸಿಕೊಂಡಿತು. ಸುನೀಲ್ ದತ್ ಮತ್ತು ನರ್ಗಿಸ್ ದಂಪತಿಗಳು ಹಳೆಯ ದೃಶ್ಯಗಳನ್ನು ನೋಡಿ ಮೆಚ್ಚಿ, ಇದನ್ನು ಹೀಗೆ ಬಿಡಬಾರದೆಂದು ಇಬ್ಬರನ್ನೂ ಒಪ್ಪಿಸಿದರೆಂದು ಹೇಳುತ್ತಾರೆ. ಮೀನಾ ಕುಮಾರಿ ಆ ವೇಳೆಗೆ ರೋಗಪೀಡಿತೆ. ಈಗ ಇನ್ನೊಂದು ಸಮಸ್ಯೆ ತಲೆದೋರಿತು. ಹಾಡುಗಳು ಹಳೆಯವಾಗಿವೆ, ಎಪ್ಪತ್ತರ ದಶಕದ ಪ್ರೇಕ್ಷಕರಿಗೆ ಇವು ರುಚಿಸಲಾರವು, ಹೊಸ ನಿರ್ದೇಶಕನಿಂದ ಹೊಸ ಹಾಡುಗಳನ್ನು ಮಾಡಿಸಿರೆಂದು ವ್ಯಾಪಾರದವರು ಸಲಹೆಯಿತ್ತರು. ಗುಲಾಂ ಮಹಮ್ಮದರು ಬದುಕಿದ್ದಿದ್ದರೆ ಅವರೊಡನೆ ವಾದಿಸಬಹುದಾಗಿತ್ತು, ಬದಲಾವಣೆಯನ್ನು ಕೇಳಬಹುದಾಗಿತ್ತು. ತೀರಿಹೋದವನಿಗೆ ತನ್ನ ಪರವಾಗಿ ಮಾತಾಡಲು ಬಾಯಿಲ್ಲ. ಆದುದರಿಂದಲೇ ಅಮ್ರೋಹಿಯವರು ಆ ಸಲಹೆಯನ್ನು ತಳ್ಳಿಹಾಕಿದರೆಂದು ಚಿತ್ರರಂಗದವರು ಇಂದಿಗೂ ಹೇಳುತ್ತಾರೆ. ಹಾಡುಗಳು ಉಳಿದುವು.

ಆದರೆ ಚಿತ್ರವೆಂದರೆ ಹಾಡುಗಳಷ್ಟೇ ಅಲ್ಲ. ಮಾತಿಲ್ಲದ ದೃಶ್ಯಗಳಿಗೆ, ಮೌನಗಳಿಗೆ, ಓಡುವ ರೈಲಿಗೆ, ಕೋಠಾದ ಇರುಳಿಗೆ ಹಿನ್ನೆಲೆಯ ನಾದ ಬೇಕು. ಅದನ್ನು ಮಾಡಲು ಅಮ್ರೋಹಿಯವರು ನೌಷಾದರನ್ನು ಕರೆದರು. ನೌಷಾದರು ಲಖನೌದಲ್ಲಿಯೇ ಹುಟ್ಟಿದವರು. ಆ ಊರಿನ ಇರುಳುಗಳನ್ನು ಬಲ್ಲವರು. 'ಬೈಜು ಬಾವ್ರಾ', 'ಮದರ್ ಇಂಡಿಯಾ', 'ಮುಘಲ್-ಎ-ಆಜಂ' ಚಿತ್ರಗಳ ನಂತರ ಅವರ ಕೀರ್ತಿಗೆ ಯಾವ ಕೊರತೆಯೂ ಇರಲಿಲ್ಲ. ಅವರು ಬಂದು ಆಲಾಪಗಳನ್ನೂ ಕೆಲವು ಠುಮರಿಗಳನ್ನೂ ಸೇರಿಸಿ ಚಿತ್ರವನ್ನು ಪೂರ್ಣಗೊಳಿಸಿದರು. ಪರ್ವೀನ್ ಸುಲ್ತಾನಾ ಒಂದನ್ನು ಹಾಡಿದರು. ಮುಂದೆ ಕನ್ನಡ ಚಿತ್ರಗಳಲ್ಲಿ ಹಾಡಿ ನಮ್ಮವರೇ ಆಗಿಹೋದ ವಾಣಿ ಜಯರಾಂ ಇನ್ನೊಂದನ್ನು ಹಾಡಿದರು. ಮತ್ತೊಂದನ್ನು ಹಾಡಿದವರು ರಾಜಕುಮಾರಿ. ಮೂವತ್ತು ನಲವತ್ತರ ದಶಕಗಳಲ್ಲಿ ಮುಂಚೂಣಿಯ ಗಾಯಕಿಯಾಗಿದ್ದ ಆಕೆ ಈ ವೇಳೆಗೆ ಜನರ ನೆನಪಿನಿಂದ ಜಾರಿದ್ದರು. ಹಿನ್ನೆಲೆ ಸಂಗೀತದ ಮುದ್ರಣಕ್ಕೆ ಬಂದ ಮೇಳದ ಗುಂಪಿನಲ್ಲಿ ಆಕೆಯೂ ಒಬ್ಬರಾಗಿ ನಿಂತಿರುವುದನ್ನು ಕಂಡು ನೌಷಾದರು ಮನನೊಂದು ಒಂದು ಪೂರ್ತಿ ಠುಮರಿಯನ್ನು ಆಕೆಗೆ ಕೊಟ್ಟರೆಂಬ ಸಂಗತಿ ಪ್ರಸಿದ್ಧವಾಗಿದೆ. ಮರೆತುಹೋದ ಒಬ್ಬರ ಚಿತ್ರವನ್ನು ಮುಗಿಸಲು ಬಂದವರು ಮರೆತುಹೋದ ಇನ್ನೊಬ್ಬರಿಗೂ ದನಿ ಕೊಟ್ಟರು.

ಈಗ ಗೊಂದಲವನ್ನು ಬಿಡಿಸಿ ನೋಡೋಣ. 'ಇನ್ಹೀ ಲೋಗೋಂ ನೇ', 'ಠಾಡೇ ರಹಿಯೋ', 'ಚಲ್ತೇ ಚಲ್ತೇ', 'ಚಲೋ ದಿಲ್ದಾರ್', 'ಮೌಸಮ್ ಹೈ ಆಶಿಕಾನಾ' ಮತ್ತು ಗಾಜಿನ ಚೂರುಗಳ ಮೇಲೆ ನಾಯಕಿ ಕುಣಿಯುವಾಗಿನ ಕೊನೆಯ ಗಜಲು, ಈ ಆರೂ ಗುಲಾಂ ಮಹಮ್ಮದರವು. ಆರರಲ್ಲಿಯೂ ಲತಾ ಮಂಗೇಶ್ಕರರ ಕಂಠವಿದೆ. ಒಂದರಲ್ಲಿ ಮಹಮ್ಮದ್ ರಫಿಯವರು ಜತೆಗೂಡಿದ್ದಾರೆ. ಪದಗಳು ಮಜರೂಹ್ ಸುಲ್ತಾನ್‌ಪುರಿ, ಕೈಫಿ ಆಜ್ಮಿ, ಕೈಫ್ ಭೋಪಾಲಿ ಮತ್ತು ಸ್ವತಃ ಅಮ್ರೋಹಿಯವರವು. ಠುಮರಿಗಳೂ ಆಲಾಪಗಳೂ ಹಿನ್ನೆಲೆಯ ನಾದವೂ ನೌಷಾದರವು. ವಿಭಾಗ ಇಷ್ಟು ಸ್ಪಷ್ಟ. ಆದರೆ ಎರಡೂ ಒಂದೇ ಚಿತ್ರದಲ್ಲಿ ಒಂದಕ್ಕೊಂದು ಅಂಟಿಕೊಂಡು ಬರುವುದರಿಂದ ಕೇಳುಗನ ಮನಸ್ಸಿನಲ್ಲಿ ಗಡಿ ಅಳಿಸಿಹೋಗುತ್ತದೆ. 'ಚಲ್ತೇ ಚಲ್ತೇ' ಮುಗಿಯುವಲ್ಲಿ ದೂರದ ರೈಲಿನ ಸಿಳ್ಳೆ ಕೇಳಿಸುತ್ತದೆ. ಹಾಡು ಎಲ್ಲಿ ಮುಗಿಯಿತು, ಹಿನ್ನೆಲೆ ಎಲ್ಲಿ ಪ್ರಾರಂಭವಾಯಿತು ಎಂದು ಆ ಕ್ಷಣದಲ್ಲಿ ಕೇಳುವವರಾರು?

ಗೊಂದಲಕ್ಕೆ ಇನ್ನೂ ಒಂದು ಪದರವಿದೆ. ಯಮನ್ ರಾಗದ ನೆರಳಿನಲ್ಲಿ ನಡೆಯುವ 'ಇನ್ಹೀ ಲೋಗೋಂ ನೇ' ಎಂಬ ಹಾಡಿನ ಪಲ್ಲವಿ ಹೊಸದಲ್ಲ. 1941ರ 'ಹಿಮ್ಮತ್' ಎಂಬ ಚಿತ್ರದಲ್ಲಿ ಶಂಷಾದ್ ಬೇಗಂ ಇದೇ ಪಲ್ಲವಿಯ ಹಾಡನ್ನು ಹಾಡಿದ್ದರು. ಆ ಚಿತ್ರದ ಸಂಗೀತ ಗೋವಿಂದರಾಮರದು. ಹಾಗಾದರೆ ಗುಲಾಂ ಮಹಮ್ಮದರದೇನು ಎಂದು ಅವಸರದಲ್ಲಿ ಕೇಳುವುದು ಸಲ್ಲದು. ಪಂಪನು ವ್ಯಾಸರ ಕಥೆಯನ್ನು ತೆಗೆದುಕೊಂಡ ಮಾತ್ರಕ್ಕೆ ಪಂಪಭಾರತ ವ್ಯಾಸರದಾಯಿತೆ? ಮುಜರಾದ ದೃಶ್ಯಕ್ಕೆ ಜನರ ಬಾಯಲ್ಲಿ ಆಗಲೇ ಓಡಾಡಿದ ಪಲ್ಲವಿಯನ್ನು ತೆಗೆದುಕೊಳ್ಳುವುದು ಕಾಲದ ಬಣ್ಣವನ್ನು ತರುವ ಒಂದು ಉಪಾಯ. ಆ ಪಲ್ಲವಿಯ ಸುತ್ತ ಕಟ್ಟಿದ ಚರಣಗಳ ಏರಿಳಿತ, ಗೆಜ್ಜೆಯ ನಿಲುಗಡೆ, ತಬಲೆಯ ಲಗ್ಗಿಯ ಚುರುಕು, ಇವುಗಳಲ್ಲಿ ಬಿಕಾನೇರಿನ ಆ ತಬಲಜಿಯ ಕೈ ಸ್ಪಷ್ಟವಾಗಿ ಕಾಣುತ್ತದೆ.

ಕೊನೆಯ ಗಜಲಿನ ದೃಶ್ಯವನ್ನು ಒಮ್ಮೆ ನೆನೆಯಬೇಕು. ತಾನು ಪ್ರೀತಿಸಿದವನ ಮದುವೆಯಲ್ಲಿ ನಾಯಕಿ ಕುಣಿಯಲು ಬಂದಿದ್ದಾಳೆ. ಗಾಜು ಒಡೆದು ಚೂರಾಗಿದೆ. ಆಕೆ ಅದರ ಮೇಲೆಯೇ ಹೆಜ್ಜೆಯಿಡುತ್ತಾಳೆ. ಬಿಳಿಯ ಹಾಸಿನ ಮೇಲೆ ನೆತ್ತರಿನ ಗುರುತು ಮೂಡುತ್ತದೆ. ಮುಖ ಮೀನಾ ಕುಮಾರಿಯದು. ಆಕೆಗೆ ಆರೋಗ್ಯವಿಲ್ಲದ ಕಾರಣ ನೃತ್ಯದ ಬಹುಭಾಗದಲ್ಲಿ ಹೆಜ್ಜೆಗಳು ಪದ್ಮಾ ಖನ್ನಾ ಎಂಬ ಇನ್ನೊಬ್ಬ ನಟಿಯವು. ಕಂಠ ಲತಾ ಅವರದು. ಪದ ಕೈಫ್ ಭೋಪಾಲಿಯವರದು. ಸ್ವರ ಆಗಾಗಲೇ ಮಣ್ಣು ಸೇರಿದ್ದ ಒಬ್ಬರದು. ಐವರು ಕೂಡಿ ಒಬ್ಬ ಹೆಣ್ಣನ್ನು ಸೃಷ್ಟಿಸಿದ್ದಾರೆ. ನೋಡುವವನಿಗೆ ಕಾಣುವವಳು ಒಬ್ಬಳೇ. ಚಲಚ್ಚಿತ್ರ ಕಲೆಯ ಮಹಿಮೆಯೂ ಇದೇ, ಅದರಲ್ಲಿ ದುಡಿಯುವವರ ಸಂಕಟವೂ ಇದೇ.

ಚಿತ್ರ 1972ರ ಫೆಬ್ರವರಿ 4ರಂದು ಮುಂಬಯಿಯ ಮರಾಠಾ ಮಂದಿರದಲ್ಲಿ ತೆರೆಕಂಡಿತು. ಮಾರ್ಚ್ 31ರಂದು ಮೀನಾ ಕುಮಾರಿ ನಿಧನರಾದರು. ಆ ಸುದ್ದಿಯ ಹಿಂದೆಯೇ ಚಿತ್ರಮಂದಿರಗಳಿಗೆ ಜನ ಮುಗಿಬಿದ್ದರು. ಆ ವರ್ಷದ ಚಿತ್ರಗಳಿಗೆ ಫಿಲಂಫೇರ್ ಪ್ರಶಸ್ತಿಗಳನ್ನು ಘೋಷಿಸಿದಾಗ ಸಂಗೀತದ ಪ್ರಶಸ್ತಿ 'ಬೇಈಮಾನ್' ಚಿತ್ರಕ್ಕಾಗಿ ಶಂಕರ್ ಜೈಕಿಶನರಿಗೆ ಹೋಯಿತು. ಅದೇ 'ಬೇಈಮಾನ್' ಚಿತ್ರದ ನಟನೆಗಾಗಿ ಪ್ರಾಣ್ ಅವರಿಗೂ ಪ್ರಶಸ್ತಿ ಬಂದಿತ್ತು. ಸಂಗೀತದ ಗೌರವ ಗುಲಾಂ ಮಹಮ್ಮದರಿಗೆ ಸಲ್ಲಬೇಕಾಗಿತ್ತೆಂದು ಹೇಳಿ ಪ್ರಾಣ್ ತಮ್ಮ ಪ್ರಶಸ್ತಿಯನ್ನೇ ನಿರಾಕರಿಸಿದರು. ತೆರೆಯ ಮೇಲೆ ಖಳನಾಯಕನೆಂದು ಹೆಸರಾದವರು, ತಮಗೆ ಲಾಭವಿಲ್ಲದ, ತಮ್ಮದೇ ಚಿತ್ರಕ್ಕೆ ಇರುಸುಮುರುಸಾಗುವ ಕಾರ್ಯವನ್ನು ಮಾಡಿದರು. ಸತ್ತವರಿಗೆ ಅದರಿಂದ ಪ್ರಯೋಜನವೇನೂ ಆಗಲಿಲ್ಲ. ಆದರೆ ಹೆಸರು ಇನ್ನೊಮ್ಮೆ ಗಟ್ಟಿಯಾಗಿ ಉಚ್ಚರಿಸಲ್ಪಟ್ಟಿತು. 1977ರಲ್ಲಿ, ಚಿತ್ರದಲ್ಲಿ ಬಳಸದೆ ಉಳಿದಿದ್ದ ಹಾಡುಗಳು ಪ್ರತ್ಯೇಕ ಧ್ವನಿಮುದ್ರಿಕೆಯಾಗಿ ಹೊರಬಂದುವು. ಅವನ್ನು ಕೇಳಿದಾಗ ಆ ಕಾಯಕದ ವಿಸ್ತಾರ ಎಷ್ಟಿತ್ತೆಂದು ರಸಿಕರಿಗೆ ತಿಳಿಯಿತು.

ನೌಷಾದರ ಪಾಲನ್ನು ಕಿರಿದುಗೊಳಿಸುವುದು ಇಲ್ಲಿನ ಉದ್ದೇಶವಲ್ಲ. ಬಾಣಭಟ್ಟನು ಕಾದಂಬರಿಯನ್ನು ಅರ್ಧದಲ್ಲಿ ಬಿಟ್ಟು ತೀರಿಕೊಂಡಾಗ ಅವನ ಮಗನು ಉಳಿದ ಭಾಗವನ್ನು ಬರೆದು ಮುಗಿಸಿದ. ಒಂದನೆಯ ನಾಗವರ್ಮನು ಕನ್ನಡಕ್ಕೆ ತಂದದ್ದು ಹೀಗೆ ಇಬ್ಬರ ಕೈಯಲ್ಲಿ ಪೂರ್ಣವಾದ ಆ ಕಥೆಯನ್ನೇ. ಆದರೂ ಕಾದಂಬರಿ ಬಾಣನದು ಎಂದು ಹೇಳುವುದಕ್ಕೆ ಯಾ
ರೂ ಹಿಂಜರಿಯುವುದಿಲ್ಲ, ಮಗನ ಋಣವನ್ನು ಮರೆಯುವುದೂ ಇಲ್ಲ. ಪೂರ್ಣಗೊಳಿಸಿದವನ ಹಿರಿಮೆ ಪ್ರಾರಂಭಿಸಿದವನ ಹೆಸರನ್ನು ಮುಂದಿಡುವುದರಲ್ಲಿಯೇ ಇದೆ.

'ಪಾಕೀಜಾ'ದ ಹೆಸರುಪಟ್ಟಿಯನ್ನು ಈ ದೃಷ್ಟಿಯಿಂದ ಓದಬೇಕು. ಒಂದು ದಶಕದ ಕಾಲ ನೌಷಾದರ ಹೆಸರು ಸಂಗೀತವೆಂಬ ಪದದೊಡನೆ ಮೇಲೆಯೂ, ಗುಲಾಂ ಮಹಮ್ಮದರ ಹೆಸರು ಸಹಾಯಕನೆಂಬ ಪದದೊಡನೆ ಕೆಳಗೂ ಇದ್ದುವು. ಇಲ್ಲಿ ಆ ಕ್ರಮ ಬದಲಾಗಿದೆ. ಸಂಗೀತದ ಹೆಸರು ಸಹಾಯಕರಾಗಿದ್ದವರದು. ಅವರ ಕೆಲಸವನ್ನು ಮುಗಿಸಿಕೊಟ್ಟವರಾಗಿ ಬಂದಿರುವ ಹೆಸರು ಅವರ ಹಿಂದಿನ ಯಜಮಾನರದು. ಬದುಕಿದ್ದಾಗ ದೊರೆಯದ ಸ್ಥಾನ ಸತ್ತ ನಾಲ್ಕು ವರ್ಷಗಳ ಮೇಲೆ ದೊರೆಯಿತು. ಕೀರ್ತಿಯಲ್ಲಿ ಹಿರಿಯರಾದ ಒಬ್ಬರು ಎರಡನೆಯ ಸ್ಥಾನವನ್ನು ಒಪ್ಪಿದ್ದರಿಂದ, ಮತ್ತೊಬ್ಬರು ಹಳೆಯ ಹಾಡುಗಳನ್ನು ಕೈಬಿಡಲು ಒಪ್ಪದೆ ಇದ್ದುದರಿಂದ, ಆ ಹೆಸರು ಅಲ್ಲಿ ಉಳಿಯಿತು. ಆದರೂ ಕೇಳುವ ನಾವು ಆ ಪಟ್ಟಿಯನ್ನು ಓದದೆ ಹೋದರೆ ಅವರೆಲ್ಲರ ಪ್ರಯತ್ನವೂ ವ್ಯರ್ಥ. ಲಖನೌದ ಕೋಠಾದಲ್ಲಿ ಸಾರಂಗಿ ಎದ್ದು, ತಬಲೆ ಮೆಲ್ಲನೆ ಅದರ ಹಿಂದೆ ಸೇರಿಕೊಂಡಾಗ, ನುಡಿಯುತ್ತಿರುವುದು ಬಿಕಾನೇರಿನ ನಬೀ ಬಕ್ಷರ ಮಗನ ಕಲ್ಪನೆ ಎಂಬುದನ್ನು ಸಹೃದಯರು ನೆನೆಯಬೇಕು.